ಅಳಿಸಿದಂತೆ ಕಾಣುವ 85: ಒಂದು ಚಿನ್ನದ ಡಾಲರಿಗೆ ಬೆಲೆ ಕಟ್ಟಿದ ಪ್ರಕರಣ

ನಾಣ್ಯದ ಇಸವಿ 1855, ಮುಖಬೆಲೆ ಒಂದು ಡಾಲರ್, ಲೋಹ ಚಿನ್ನ. ಅಮೆರಿಕದಲ್ಲಿ ನೆಲೆಸಿದ ಕುಟುಂಬವೊಂದು ಹಳೆಯ ಒಡವೆಗಳ ಗಂಟನ್ನು ಕೊಂಡಾಗ ಅದರಲ್ಲಿದ್ದ ಬ್ರೋಚಿನಿಂದ ಬಿಡಿಸಿಕೊಂಡದ್ದು. ಅಕ್ಕಸಾಲಿಗರ ಅಂಗಡಿಯಲ್ಲಿ ಕರಗುಬೆಲೆ ಹೇಳಿದರು. ನಾಣ್ಯದ ವ್ಯಾಪಾರಿಯೊಬ್ಬರು ‘ಇಸವಿಯೇ ಸವೆದಿದೆ, ಕೆಳದರ್ಜೆ’ ಎಂದರು. ಮನೆಯವರೊಬ್ಬರಿಗೆ ಹಿಂಬದಿಯ ಹಾರದ ಕೆಳಗೆ ಒಂದು ಉಬ್ಬು ಕಂಡಿತು. ಅದು ಡಲೋನಿಗಾ ಟಂಕಸಾಲೆಯ ಗುರುತಾದ ‘ಡಿ’ ಅಕ್ಷರವಾಗಿದ್ದರೆ ನಾಣ್ಯದ ದೆಸೆಯೇ ಬೇರೆ. ಇದು ಮಾದರಿ ಪ್ರಕರಣ. ಈ ಬಗೆಯ ನಾಣ್ಯಗಳಲ್ಲಿ ಪದೇಪದೇ ಎದುರಾಗುವ ತೊಡಕುಗಳನ್ನೆಲ್ಲ ಒಂದೇ ನಾಣ್ಯದ ಮೇಲೆ ಕೂಡಿಸಿ ಬಿಡಿಸಿದ್ದೇವೆ. ಮೂರು ಅಭಿಪ್ರಾಯಗಳೂ ತಪ್ಪು, ಮೂರಕ್ಕೂ ಕಾರಣ ಬೇರೆ ಬೇರೆ.

ಮೊದಲು ನಾಣ್ಯದ ಕುಲ ಗೊತ್ತಾಗಬೇಕು. 1848ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕ ಮೇಲೆ, 1849ರ ಮಾರ್ಚ್ 3ರ ಕಾಯ್ದೆ ಇಪ್ಪತ್ತು ಡಾಲರಿನ ದೊಡ್ಡ ನಾಣ್ಯದ ಜೊತೆಗೆ ಒಂದು ಡಾಲರಿನ ಈ ಪುಟ್ಟ ಚಿನ್ನಕ್ಕೂ ಒಪ್ಪಿಗೆ ಕೊಟ್ಟಿತು. ಎರಡನ್ನೂ ರೂಪಿಸಿದವರು ಟಂಕಸಾಲೆಯ ಮುಖ್ಯ ಕೆತ್ತನೆಗಾರ ಜೇಮ್ಸ್ ಬಿ. ಲಾಂಗೇಕರ್. ಸರ್ಕಾರ ಈ ಕೆಲಸಕ್ಕೆ ಇಳಿಯುವ ಮೊದಲೇ ಉತ್ತರ ಕೆರೊಲಿನಾದ ರುದರ್ಫೋರ್ಡ್ಟನ್‌ನಲ್ಲಿ ಬೆಕ್ಟ್ಲರ್ ಕುಟುಂಬ 1830ರ ದಶಕದಿಂದಲೇ ಖಾಸಗಿಯಾಗಿ ಚಿನ್ನದ ಡಾಲರ್ ಒತ್ತುತ್ತಿತ್ತು. ಅದು ಬೇರೆಯದೇ ಸಂಗ್ರಹಕ್ಷೇತ್ರ, ಅದನ್ನು ಇದರೊಂದಿಗೆ ಬೆರೆಸಬಾರದು.

ಸರ್ಕಾರಿ ಚಿನ್ನದ ಡಾಲರಿಗೆ ಮೂರು ರೂಪ. 1849ರಿಂದ 1854ರವರೆಗಿನ ಮೊದಲನೆಯದು ಸುಮಾರು 13 ಮಿಲಿಮೀಟರ್ ಅಗಲ, ಕಿರೀಟ ತೊಟ್ಟ ಸ್ವಾತಂತ್ರ್ಯದೇವಿ ಲಿಬರ್ಟಿಯ ತಲೆ, ಸುತ್ತ 13 ನಕ್ಷತ್ರ. ಎರಡನೆಯದು 1854ರ ಆಗಸ್ಟ್‌ನಿಂದ 1856ರವರೆಗೆ, ಗರಿಗಳ ಶಿರೋಭೂಷಣ ತೊಟ್ಟ ಚಿಕ್ಕ ತಲೆ, ಅಗಲ ಸುಮಾರು 15 (ಕೆಲವು ಪಟ್ಟಿಗಳಲ್ಲಿ 14.3 ಎಂದಿರುತ್ತದೆ). ಮೂರನೆಯದು 1856ರಿಂದ 1889ರವರೆಗೆ, ಅಷ್ಟೇ ಅಗಲ, ಆದರೆ ತಲೆ ದೊಡ್ಡದು, ಉಬ್ಬು ಕಡಿಮೆ. ತೂಕ ಮಾತ್ರ ಮೂರಕ್ಕೂ ಒಂದೇ: 25.8 ಗ್ರೇನ್, ಅಂದರೆ 1.672 ಗ್ರಾಂ, ಸಾವಿರಕ್ಕೆ 900 ಪಾಲು ಚಿನ್ನ. ವಿಜಯನಗರದ ಅರ್ಧ ವರಾಹವನ್ನು ಕೈಯಲ್ಲಿ ಹಿಡಿದವರಿಗೆ ಈ ತೂಕದ ಅಂದಾಜು ತಕ್ಷಣ ಸಿಗುತ್ತದೆ. ಹೆಚ್ಚುಕಡಿಮೆ ಅಷ್ಟೇ.

ನಮ್ಮ ನಾಣ್ಯ ಎರಡನೇ ರೂಪದ್ದು. ಇಡೀ ಪ್ರಕರಣ ತಿರುಗುವುದು ಈ ಒಂದು ಸಂಗತಿಯ ಮೇಲೆ.

ಬೆರಳ ಸಂದಿಯಲ್ಲಿ ಜಾರಿ ಕಳೆದುಹೋಗುವಷ್ಟು ಚಿಕ್ಕದೆಂದು ಮೊದಲ ರೂಪದ ಮೇಲೆ ದೂರಿತ್ತು. 1852ರಲ್ಲಿ ನಡುವೆ ತೂತಿರುವ ಉಂಗುರದಂಥ ಮಾದರಿಯನ್ನೂ ಒತ್ತಿ ನೋಡಿದ್ದರು, ಚಲಾವಣೆಗೆ ಬರಲಿಲ್ಲ. ಕಡೆಗೆ ಆರಿಸಿದ ದಾರಿ ಬಿಲ್ಲೆಯನ್ನು ಅಗಲವಾಗಿಸಿ ತೆಳುವಾಗಿಸುವುದು. ಅದೇ ಚಿನ್ನವನ್ನು 13ರ ಬದಲು 15 ಮಿಲಿಮೀಟರಿಗೆ ಹರಡಿದರೆ ವಿಸ್ತೀರ್ಣ ಮೂರನೇ ಒಂದರಷ್ಟು ಹಿಗ್ಗುತ್ತದೆ. ಲೆಕ್ಕ ಹಾಕಿದರೆ ಸರಾಸರಿ ದಪ್ಪ 0.73ರಿಂದ 0.55 ಮಿಲಿಮೀಟರಿಗೆ ಇಳಿಯುತ್ತದೆ. ಹೀಗೆ ತೆಳುವಾದ ಬಿಲ್ಲೆಯ ಮೇಲೆ ಲಾಂಗೇಕರ್ ಎತ್ತರದ ಉಬ್ಬಿನ ತಲೆಯನ್ನು ಇಟ್ಟರು, ಅದೂ ನಟ್ಟನಡುವೆ. ಅದರ ಬೆನ್ನಿಗೆ ಹಿಂಬದಿಯಲ್ಲಿ ಬರುವುದು ‘ಡಾಲರ್’ ಪದ ಮತ್ತು ಇಸವಿ. ಒತ್ತುವ ಕ್ಷಣದಲ್ಲಿ ಲೋಹ ಮುಂಬದಿಯ ತಲೆಯ ಕುಳಿಗೆ ನುಗ್ಗಿದರೆ ಹಿಂಬದಿಯ ಅಂಕಿಗಳಿಗೆ ಉಳಿಯುವುದಿಲ್ಲ. ಹಾಗಾಗಿ ಇಂಗ್ಲಿಷಿನಲ್ಲಿ ಬರೆದ ‘ಡಾಲರ್’ನ ನಡುವಿನ ಎರಡು ‘ಎಲ್’ಗಳೂ ಇಸವಿಯ ನಡುವಿನ 8 ಮತ್ತು 5ಗಳೂ ಹುಟ್ಟುವಾಗಲೇ ಮಸುಕು. ಎದುರು ಬದಿಯಲ್ಲಿ ಹಣೆಯ ಮೇಲಿನ ಕೂದಲಿಗೂ ಎಷ್ಟೋ ಸಲ ಇದೇ ಗತಿ. ಟಂಕಸಾಲೆ ತಾನೇ ಇದನ್ನು ಒಪ್ಪಿಕೊಂಡಂತೆ 1856ರಲ್ಲಿ ಮೂರು ಡಾಲರಿನ ನಾಣ್ಯದ ತಲೆಯನ್ನು ಹೋಲುವ ದೊಡ್ಡ, ಚಪ್ಪಟೆ ತಲೆಗೆ ಹೋಯಿತು. ಹೊಸ ಅಚ್ಚು ಸಕಾಲಕ್ಕೆ ತಲುಪದ ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆ ಮಾತ್ರ 1856ರಲ್ಲೂ ಹಳೆಯ ರೂಪವನ್ನೇ ಒತ್ತಿತು.

ಹೀಗೆ ಎರಡನೇ ರೂಪ ಎರಡು ವರ್ಷದ ಬಾಳಿನಲ್ಲೇ ಮುಗಿಯಿತು. 1854ರಲ್ಲಿ ಫಿಲಡೆಲ್ಫಿಯಾ ಟಂಕಸಾಲೆಯಲ್ಲಿ ಒತ್ತಿದ್ದು 7,83,943, 1855ರಲ್ಲಿ 7,58,269. 1855ರಲ್ಲೇ ಷಾರ್ಲಟ್‌ನಲ್ಲಿ 9,803, ಡಲೋನಿಗಾದಲ್ಲಿ 1,811, ನ್ಯೂ ಆರ್ಲಿಯನ್ಸ್‌ನಲ್ಲಿ 55,000. 1856ರ ಸ್ಯಾನ್ ಫ್ರಾನ್ಸಿಸ್ಕೋದ್ದು 24,600. ಎಲ್ಲ ಕೂಡಿದರೆ ಹದಿನಾರು ಲಕ್ಷ ಚಿಲ್ಲರೆ. ಮೊದಲ ರೂಪದ್ದು 1853ರ ಒಂದೇ ವರ್ಷ ಫಿಲಡೆಲ್ಫಿಯಾದಲ್ಲಿ 40,76,051 ಹೊರಬಂದಿತ್ತು. ಪ್ರತಿ ರೂಪದ್ದೂ ಒಂದೊಂದು ಬೇಕೆನ್ನುವ ಸಂಗ್ರಾಹಕರು ಮೂರಕ್ಕೂ ಸಮನಾಗಿ ಮುಗಿಬೀಳುತ್ತಾರೆ, ಸರಕು ಮಾತ್ರ ಎರಡನೆಯದಕ್ಕೆ ಸಾಲದು. ಅದರ ಬೆಲೆ ಉಳಿದೆರಡಕ್ಕಿಂತ ಯಾವಾಗಲೂ ಮೇಲಿರುವುದು ಇದರಿಂದ. ದರ್ಜೆ ಏರಿದಂತೆ ಈ ಅಂತರ ಇನ್ನೂ ಹಿಗ್ಗುತ್ತದೆ.

ಈಗ ಮೇಜಿನ ಮೇಲಿನ ನಾಣ್ಯ. ಮೊದಲ ಕೆಲಸ ತೂಕ. 0.01 ಗ್ರಾಂ ತೋರಿಸುವ ಒಡವೆ ತಕ್ಕಡಿ ಇಲ್ಲಿ ಸಾಲದು, 0.001 ಗ್ರಾಂ ತೋರಿಸುವುದೇ ಬೇಕು. ಒತ್ತುವಾಗ ಕಾಯ್ದೆ ಒಪ್ಪಿದ ಏರುಪೇರು ಕಾಲು ಗ್ರೇನ್, ಅಂದರೆ 0.016 ಗ್ರಾಂ. ಈ ನಾಣ್ಯ ತೂಗಿದ್ದು 1.679. ಮಿತಿಯೊಳಗೇ ಇದೆ ಎಂದು ಮುಂದೆ ಹೋಗುವುದು ಸುಲಭ, ಆದರೆ ಹೋಗಬಾರದು. ಸ್ವಲ್ಪವಾದರೂ ಬಳಕೆ ಕಂಡ ನಾಣ್ಯ 1.672ಕ್ಕಿಂತ ಕೆಳಗೆ ಬರುವುದು ವಾಡಿಕೆ. ಮೇಲೆ ಬಂದರೆ ಏನೋ ಅಂಟಿಕೊಂಡಿದೆ ಎಂಬ ಅನುಮಾನ ಏಳಬೇಕು. ಬ್ರೋಚಿನಿಂದ ಬಂದ ನಾಣ್ಯಕ್ಕೆ ಅಂಟುವುದು ಬೆಸುಗೆ.

ಎರಡನೆಯದು ಸಾಪೇಕ್ಷ ಸಾಂದ್ರತೆ. ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ, ತೆಳುವಾದ ನೈಲಾನ್ ಎಳೆಯ ಕುಣಿಕೆಯಲ್ಲಿ ನಾಣ್ಯವನ್ನು ತಳಕ್ಕೂ ಗೋಡೆಗೂ ತಾಗದಂತೆ ಪೂರ್ತಿ ಮುಳುಗಿಸಿದರೆ ತಕ್ಕಡಿ ತೋರಿಸುವ ಅಂಕಿಯೇ ಸರಿಸಿದ ನೀರಿನ ತೂಕ. ನೀರಿಗೆ ಪಾತ್ರೆ ತೊಳೆಯುವ ದ್ರವದ ಒಂದು ಹನಿ ಬಿದ್ದರೆ ಗುಳ್ಳೆ ಹಿಡಿಯುವುದಿಲ್ಲ. ಬಂದ ಅಂಕಿ 0.099. ಭಾಗಿಸಿದರೆ 16.96. ಇದೇ ಮಿಶ್ರಲೋಹಕ್ಕೆ ಬರಬೇಕಾದದ್ದು 17.2ರ ಆಸುಪಾಸು. ಇಷ್ಟು ಪುಟ್ಟ ನಾಣ್ಯದಲ್ಲಿ ಕೊನೆಯ ಅಂಕಿ ಒಂದು ಆಚೀಚೆಯಾದರೆ ಉತ್ತರ 16.8ರಿಂದ 17.1ರವರೆಗೆ ತೂಗಾಡುತ್ತದೆ. ಆದ್ದರಿಂದ ಮೂರು ಸಲ ಅಳೆದು ಸರಾಸರಿ ತೆಗೆಯುವುದು ರೂಢಿ. ಹದಿನೆಂಟು ಕ್ಯಾರೆಟ್ ಚಿನ್ನದಲ್ಲಿ ಮಾಡಿದ ನಕಲಾಗಿದ್ದರೆ ಅಂಕಿ 15ರ ಮಟ್ಟಕ್ಕೆ ಬೀಳುತ್ತಿತ್ತು. ಇಲ್ಲಿ ಕಂಡ ಸಣ್ಣ ಇಳಿಕೆ ಬೆಸುಗೆಯ ಹಗುರ ಲೋಹಕ್ಕೆ ಹೊಂದುತ್ತದೆ. 0.01 ಗ್ರಾಂನ ತಕ್ಕಡಿಯಲ್ಲಿ ಇದನ್ನು ಮಾಡಹೊರಟರೆ ಸರಿಸಿದ ನೀರು 0.10 ಎಂದೋ 0.09 ಎಂದೋ ಬರುತ್ತದೆ, ಉತ್ತರ 16.8 ಅಥವಾ 18.7. ಯಾವ ಉಪಯೋಗಕ್ಕೂ ಬಾರದ ಲೆಕ್ಕ.

ಸಾಂದ್ರತೆ ಸರಿಬಂದರೆ ಅಸಲಿ ಎಂದಲ್ಲ, ಇದನ್ನು ಒತ್ತಿ ಹೇಳಬೇಕು. 1960ರ ದಶಕದ ಹೊತ್ತಿಗೆ ಅಮೆರಿಕದ ಚಿನ್ನದ ನಾಣ್ಯಗಳ ನಕಲುಗಳು, ಬೈರೂತ್ ಕಡೆಯಿಂದಲೂ ಸೇರಿ, ಸರಿಯಾದ ಶುದ್ಧತೆಯ ಚಿನ್ನದಲ್ಲೇ ಬರತೊಡಗಿದವು. ಮಾಡುವವರಿಗೆ ಲೋಹದಲ್ಲಿ ಕದಿಯುವ ಅಗತ್ಯ ಇರಲಿಲ್ಲ, ಸಂಗ್ರಾಹಕರು ಲೋಹದ ಮೇಲೆ ಕೊಡುವ ಹೆಚ್ಚುವರಿಯೇ ಲಾಭ. ಒಂದು ಡಾಲರಿನ ನಾಣ್ಯ ಅವರಿಗೆ ಅಚ್ಚುಮೆಚ್ಚು: ಚಿನ್ನ ಕಡಿಮೆ ಬೇಕು, ಬೆಲೆ ಹೆಚ್ಚು ಸಿಗುತ್ತದೆ.

ಇವುಗಳನ್ನು ಹಿಡಿಯುವುದು ಭೂತಗನ್ನಡಿಯಲ್ಲಿ, 10ರಿಂದ 20 ಪಟ್ಟು. ಅಸಲಿಯಿಂದ ಪಡಿಯಚ್ಚು ತೆಗೆದು ಮಾಡಿದ ನಕಲಿನಲ್ಲಿ ಅಕ್ಷರಗಳು ಉಬ್ಬಿಕೊಂಡು ಬುಡದಲ್ಲಿ ದುಂಡಗಾಗಿರುತ್ತವೆ. ಬಯಲು ಜಾಗದಲ್ಲಿ ಸಣ್ಣ ಗುಳಿಗಳು ಕಾಣುತ್ತವೆ, ಅವು ಪಡಿಯಚ್ಚಿಗೆ ಕೊಟ್ಟ ನಾಣ್ಯದ ಗಾಯಗಳು. ಒಂದೇ ಅಚ್ಚಿನ ಎಲ್ಲ ನಕಲುಗಳಲ್ಲೂ ಅದೇ ಜಾಗದಲ್ಲಿ ಮರುಕಳಿಸುತ್ತವೆ. ಅಂಚಿನ ಹಲ್ಲುಗಳ ನಡುವಿನಿಂದ ಮುಳ್ಳಿನಂತೆ ಎದ್ದ ಗೆರೆಗಳಿದ್ದರೆ ಅದು ನಕಲಿ ಅಚ್ಚನ್ನು ಉಪಕರಣದಿಂದ ತಿದ್ದಿದ ಗುರುತು. ಎರಡನೇ ರೂಪಕ್ಕೆ ಇನ್ನೂ ಒಂದು ಪರೀಕ್ಷೆ ಇದೆ, ಅದು ಅದರ ಹುಟ್ಟುದೋಷವೇ. ಅಸಲಿಯಲ್ಲಿ ಮಸುಕು ಒಂದೆಡೆ ಮಾತ್ರ: ನಡುವಿನ ಅಂಕಿಗಳು ಮಂಕಾಗಿದ್ದರೂ ಸುತ್ತಲಿನ ಬರಹ, ಅಂಚಿನ ಹಲ್ಲು ಚೂಪು. ಎರಕದ ನಕಲಿನಲ್ಲಿ ಮಸುಕು ಎಲ್ಲೆಡೆ ಹರಡಿರುತ್ತದೆ. ನಮ್ಮ ನಾಣ್ಯದಲ್ಲಿ ಇಸವಿಯ ಮೊದಲ 1 ಮತ್ತು ಕೊನೆಯ 5 ಕತ್ತರಿಸಿಟ್ಟಂತಿವೆ, ನಡುವಿನ ಎರಡು ಅಂಕಿ ಮಾತ್ರ ಕುಸಿದಿವೆ. ತಲೆಯ ಸುತ್ತ ಹಿಂಬದಿಯ ಹಾರದ ನೆರಳುಗೆರೆಗಳೂ ಕಾಣುತ್ತವೆ. ನಡುವೆ ಬಿಲ್ಲೆ ಇಲ್ಲದೆ ಎರಡು ಅಚ್ಚುಗಳು ಒಂದಕ್ಕೊಂದು ಬಡಿದಾಗ ಮೂಡಿದವು ಅವು. ಈ ರೂಪದಲ್ಲಿ ಅದು ಬಲು ಸಾಮಾನ್ಯ, ದರ್ಜೆಯನ್ನು ಹೆಚ್ಚೇನೂ ತಗ್ಗಿಸದು. ಅಸಲಿ ಎನ್ನುವ ಕಡೆಗೇ ತೂಕ ವಾಲುತ್ತದೆ.

ಇನ್ನು ‘ಡಿ’ಯ ಆಸೆ. ಜಾರ್ಜಿಯಾದ ಡಲೋನಿಗಾ ಟಂಕಸಾಲೆಯ ಗುರುತು ಹಿಂಬದಿಯಲ್ಲಿ ಹಾರದ ಗಂಟಿನ ಕೆಳಗೆ ಕೂರುತ್ತದೆ. 1,811 ಮಾತ್ರ ಒತ್ತಿದ್ದರಿಂದ 1855ರ ಡಲೋನಿಗಾ ಡಾಲರಿನ ಬೆಲೆ ಫಿಲಡೆಲ್ಫಿಯಾದ್ದಕ್ಕಿಂತ ಹತ್ತಾರು ಪಟ್ಟು. ಅಷ್ಟೇ ಕಾರಣಕ್ಕೆ ಗುರುತಿಲ್ಲದ ನಾಣ್ಯಕ್ಕೆ ಅಕ್ಷರ ಅಂಟಿಸುವ ಕೈಚಳಕವೂ ಹಳೆಯದು. ಅಂಟಿಸಿದ ಅಕ್ಷರದ ಬುಡದಲ್ಲಿ ಸುತ್ತಲೂ ಕೂದಲೆಳೆಯಷ್ಟು ಬಿರುಕು, ಇಲ್ಲವೇ ಬಯಲಿಗಿಂತ ಬೇರೆ ಬಣ್ಣ ಕಾಣುತ್ತದೆ. ಅಚ್ಚಿನಿಂದಲೇ ಬಂದದ್ದಾದರೆ ಬಯಲು ನುಣುಪಾಗಿ ಏರಿ ಅಕ್ಷರವಾಗುತ್ತದೆ. ಡಲೋನಿಗಾದಲ್ಲಿ ಬಳಸಿದ ಅಚ್ಚಿನ ಜೋಡಿಗಳು ಬೆರಳೆಣಿಕೆಯವಾದ್ದರಿಂದ ಅಕ್ಷರದ ಜಾಗ, ಓರೆ ಎರಡನ್ನೂ ಪ್ರಮಾಣಿತ ನಾಣ್ಯಗಳ ಚಿತ್ರದೊಂದಿಗೆ ತಾಳೆ ನೋಡಬಹುದು. ನಮ್ಮ ನಾಣ್ಯದ ಉಬ್ಬಿಗೆ ಅಕ್ಷರದ ಆಕಾರವೇ ಇಲ್ಲ. ಬಣ್ಣ ಪಕ್ಕದ ಚಿನ್ನಕ್ಕಿಂತ ಬಿಳಿಚು, ಅಂಚಿನವರೆಗೂ ಹರಿದಿದೆ, ಕೆಳಗಿನ ಹಲ್ಲುಗಳನ್ನು ಮುಚ್ಚಿದೆ. ಬೆಸುಗೆಯ ಉಳಿಕೆ. ತಕ್ಕಡಿ ಹೇಳಿದ್ದನ್ನು ಕನ್ನಡಿ ತೋರಿಸಿತು.

ಬೆಸುಗೆ ಒಂದು ಕಡೆ ಇದ್ದರೆ ಮತ್ತೊಂದು ಕಡೆಯೂ ಇರುತ್ತದೆ ಎಂದು ಹುಡುಕಬೇಕು. ಗಡಿಯಾರದ 12, 3, 6, 9 ಗಂಟೆಗಳ ಜಾಗದಲ್ಲಿ ಅಂಚನ್ನು ತಿರುಗಿಸಿ ನೋಡಿದಾಗ 6ರಲ್ಲಿ ಬೆಸುಗೆ, 12ರಲ್ಲಿ ಅಂಚಿನ ಗೀರುಗಳು ಅರದಿಂದ ಉಜ್ಜಿ ಚಪ್ಪಟೆ. ಹಿಂಬದಿಯ ಬಯಲಿನಲ್ಲಿ ಒಂದೇ ದಿಕ್ಕಿಗೆ ಸಾಲಾಗಿ ಓಡುವ ಕೂದಲಗೀರುಗಳಿವೆ, ಅಂದರೆ ಬ್ರೋಚಿನಲ್ಲಿದ್ದಾಗ ಯಾರೋ ಬಟ್ಟೆಯಿಂದ ತಿಕ್ಕಿದ್ದಾರೆ. ಚಿನ್ನದ ಡಾಲರುಗಳಲ್ಲಿ ಇದು ಎಷ್ಟು ಸಾಮಾನ್ಯವೆಂದರೆ ಅಂಚು ನೋಡದೆ ಕೊಳ್ಳುವವರು ಮೊದಲ ವರ್ಷವೇ ಕಲಿಕೆಯ ಶುಲ್ಕ ಕಟ್ಟುತ್ತಾರೆ. ಪದಕ, ಬಳೆ, ಗುಂಡಿ, ಪ್ರೇಮಚಿಹ್ನೆಗೆಂದು ಒಂದು ಬದಿ ನುಣುಪಾಗಿಸಿ ಹೆಸರಿನ ಅಕ್ಷರ ಕೊರೆಸಿದ್ದು, ತೂತು ಕೊರೆದು ಮತ್ತೆ ಚಿನ್ನ ತುಂಬಿದ್ದು, ಎಲ್ಲವೂ ಸಿಗುತ್ತವೆ. ಪ್ಲಾಸ್ಟಿಕ್ ಕೋಶದಲ್ಲಿ ಅಂಚು ಮುಚ್ಚುವಂತೆ ಇಟ್ಟು ಮಾರುವುದನ್ನು ಕಂಡರೆ ಹೊರತೆಗೆದು ತೋರಿಸಲು ಕೇಳಬೇಕು. ಒಲ್ಲೆ ಎಂದರೆ ಅಲ್ಲಿಗೆ ಮುಗಿಯಿತು.

ಇಲ್ಲಿ ಕೈ ತುರಿಸುವವರಿಗೆ ಎಚ್ಚರಿಕೆ: ಬೆಸುಗೆಯನ್ನು ಮನೆಯಲ್ಲಿ ಕೆರೆದು ತೆಗೆಯಬಾರದು, ಅಕ್ಕಸಾಲಿಗರಿಂದ ಕಾಯಿಸಿ ತೆಗೆಸಲೂಬಾರದು. ಕಾಯಿಸಿದರೆ ಮೂಲ ಹೊಳಪು ಸತ್ತು ಮೇಲ್ಮೈ ಬಣ್ಣಗೆಡುತ್ತದೆ. ಮಾಡಬಹುದಾದ್ದು ಒಂದೇ, ಗಾಜಿನ ಬಟ್ಟಲಿನಲ್ಲಿ ಶುದ್ಧ ಅಸಿಟೋನ್ ಸುರಿದು ಹತ್ತು ನಿಮಿಷ ಅದ್ದಿಟ್ಟು, ಹೊಸ ಅಸಿಟೋನಿನಲ್ಲಿ ತೊಳೆದು, ತಿಕ್ಕದೆ ಗಾಳಿಗೆ ಆರಿಸುವುದು. ಜಿಡ್ಡು, ಹಳೆಯ ಮೆರುಗೆಣ್ಣೆ ಬಿಡುತ್ತದೆ, ಲೋಹಕ್ಕೆ ಏನೂ ಆಗದು. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಬೇರೇನೇನೋ ಬೆರೆತಿರುತ್ತದೆ, ಅದು ಬೇಡ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಇರದಿರಲಿ.

ದರ್ಜೆಯ ಪ್ರಶ್ನೆಗೆ ಬರೋಣ. ‘ಇಸವಿಯೇ ಸವೆದಿದೆ’ ಎಂಬ ವ್ಯಾಪಾರಿಯ ಮಾತು ಮೊದಲ ರೂಪದ ನಾಣ್ಯಕ್ಕೆ ಸರಿಯಾದೀತು. ಎರಡನೆಯದಕ್ಕೆ ಅದು ಅಚ್ಚಿನ ತಪ್ಪನ್ನು ನಾಣ್ಯದ ಮೇಲೆ ಹೊರಿಸಿದಂತೆ. ಬೇರ್ಪಡಿಸುವ ವಿಧಾನ ಹೀಗೆ: ಕೋಣೆಯ ಉಳಿದ ದೀಪ ಆರಿಸಿ, ಒಂದೇ ಬಲ್ಬಿನ ಕೆಳಗೆ ನಾಣ್ಯವನ್ನು ಅಂಚಿನಲ್ಲಿ ಹಿಡಿದು ನಿಧಾನ ವಾಲಿಸಬೇಕು. ಭೂತಗನ್ನಡಿ 5 ಪಟ್ಟು ಸಾಕು. ಹೊಳಪಿನ ಪಟ್ಟೆ ಬಯಲಿನ ಮೇಲೆ ಸುತ್ತುತ್ತಾ ಮಸುಕಾದ 85ರ ಮೇಲೂ ತಡೆಯಿಲ್ಲದೆ ಹಾದುಹೋದರೆ ಆ ಜಾಗವನ್ನು ಬೆರಳೂ ಜೇಬೂ ಮುಟ್ಟಿಲ್ಲ, ಲೋಹ ಅಲ್ಲಿ ತುಂಬಲೇ ಇಲ್ಲ. ಪಟ್ಟೆ ಅಲ್ಲಿ ತುಂಡಾಗಿ ಬೂದುಬಣ್ಣದ ಮಂಕು ಉಳಿದರೆ ಅದು ಸವೆತ. ಸವೆತವನ್ನು ಹುಡುಕಬೇಕಾದ ಜಾಗಗಳು ಬೇರೆ: ಕಣ್ಣಿನ ಮೇಲಿನ ಕೂದಲು, ಗರಿಗಳ ತುದಿ, ಹಿಂಬದಿಯಲ್ಲಿ ಹಾರದ ಗಂಟು ಮತ್ತು ಎಲೆಗಳ ಮೇಲ್ಭಾಗ. ನಮ್ಮ ನಾಣ್ಯದಲ್ಲಿ 85ರ ಮೇಲೆ ಹೊಳಪು ಹಾಯುತ್ತದೆ. ಗರಿಯ ತುದಿಗಳಲ್ಲೂ ಗಂಟಿನಲ್ಲೂ ಚೂರು ಮಂಕು. ಮುಂಬದಿಯ ಬಯಲಿನಲ್ಲಿ ಮೂಲ ಹೊಳಪು ಅರ್ಧದ ಮೇಲೆ ಉಳಿದಿದೆ. ಎಪ್ಪತ್ತರ ಮಾಪಕದಲ್ಲಿ ಇದು ಎಯು 53 ಅಥವಾ 55ರ ಸವೆತ, ಅಂದರೆ ಬಳಕೆಯಾಗಿಯೂ ಹೆಚ್ಚುಕಡಿಮೆ ಹೊಸದು.

ಆದರೆ ನಾಣ್ಯ ಪರೀಕ್ಷಿಸಿ ದರ್ಜೆ ಕೊಡುವ ಸಂಸ್ಥೆಗಳಾದ ಪಿಸಿಜಿಎಸ್ ಆಗಲಿ ಎನ್‌ಜಿಸಿ ಆಗಲಿ ಇದಕ್ಕೆ ಅಂಕಿಯ ದರ್ಜೆ ಕೊಡುವುದಿಲ್ಲ. ಒಡವೆಯಿಂದ ಬಿಡಿಸಿದ್ದು, ತಿಕ್ಕಿದ್ದು ಎಂದು ಬರೆದು ‘ಎಯು ಡೀಟೇಲ್ಸ್’ ಎಂದಷ್ಟೇ ಮುದ್ರೆ ಒತ್ತುತ್ತವೆ.

ಬೆಲೆಯ ಲೆಕ್ಕಕ್ಕೆ ತಳಪಾಯ ಲೋಹ. ಒಂದು ಡಾಲರಿನ ನಾಣ್ಯದಲ್ಲಿ 0.04837 ಟ್ರಾಯ್ ಔನ್ಸ್ ಶುದ್ಧ ಚಿನ್ನ. ಔನ್ಸಿಗೆ 3,000 ಡಾಲರ್ ಇದ್ದ ದಿನ 145 ಡಾಲರ್, 4,000 ಇದ್ದ ದಿನ 193. ಅಕ್ಕಸಾಲಿಗರು ಹೇಳಿದ ಬೆಲೆ ಇದರಿಂದ ತಮ್ಮ ಪಾಲು ಕಳೆದದ್ದು. ಲೋಹವಾಗಿ ನೋಡಿದರೆ ನ್ಯಾಯವೇ, ಕೊಟ್ಟಿದ್ದರೆ ಕುಟುಂಬ ಬಹುಪಾಲು ಬೆಲೆಯನ್ನು ಕರಗಿಸುತ್ತಿತ್ತು.

ಮೇಲಂತಸ್ತಿಗೆ ಹರಾಜಿನ ದಾಖಲೆ ಬೇಕು, ಅಂಗಡಿಯವರು ಕೇಳುವ ಬೆಲೆಯಲ್ಲ. ಹೆರಿಟೇಜ್, ಸ್ಟ್ಯಾಕ್ಸ್ ಬೋವರ್ಸ್, ಗ್ರೇಟ್‌ಕಲೆಕ್ಷನ್ಸ್ ತಮ್ಮ ಹಳೆಯ ಹರಾಜುಗಳ ಫಲಿತಾಂಶವನ್ನು ತೆರೆದಿಟ್ಟಿವೆ. ಹುಡುಕುವಾಗ ಮೂರು ಕಟ್ಟುಪಾಡು: 1854 ಮತ್ತು 1855ರ ಫಿಲಡೆಲ್ಫಿಯಾದ ಎರಡನೇ ರೂಪ ಮಾತ್ರ (ಇವೆರಡರ ಬೆಲೆ ಬಹುತೇಕ ಜೊತೆಯಾಗಿ ನಡೆಯುತ್ತದೆ), ಕಳೆದ ಹನ್ನೆರಡರಿಂದ ಹದಿನೆಂಟು ತಿಂಗಳು ಮಾತ್ರ, ಎಯು ಡೀಟೇಲ್ಸ್ ಮಾತ್ರ. ಕನಿಷ್ಠ ಎಂಟು ಮಾರಾಟ ಕೂಡಿಸಿ ಮಧ್ಯದ ಅಂಕಿ ಹಿಡಿಯಬೇಕು. ಅತಿ ಮೇಲಿನದು ಇಬ್ಬರ ಜಿದ್ದು, ಅತಿ ಕೆಳಗಿನದು ಚಿತ್ರ ಕೆಟ್ಟದ್ದು. ಡೀಟೇಲ್ಸ್ ಮಾರಾಟ ಸಾಕಷ್ಟು ಸಿಗದಿದ್ದರೆ ಕಳಂಕವಿಲ್ಲದ ಎಯು 55ರ ಬೆಲೆಯಿಂದ ಮೂರನೇ ಒಂದರಿಂದ ಅರ್ಧದವರೆಗೆ ಕಳೆಯುವುದು ಮಾರುಕಟ್ಟೆಯ ವಾಡಿಕೆ. ಈ ನಾಣ್ಯದಲ್ಲಿ ಬೆಸುಗೆ ಬರಿಗಣ್ಣಿಗೇ ಕಾಣುವುದರಿಂದ ಅರ್ಧದ ಕಡೆಗೇ ವಾಲಬೇಕು. ಲೆಕ್ಕ ತೋರಿಸಲು ಕಳಂಕವಿಲ್ಲದ್ದು 800 ಎಂದಿಟ್ಟುಕೊಂಡರೆ ಇದು 400ರಿಂದ 450.

ಆ 400 ಕೂಡ ಮಾರುವವರ ಕೈಗೆ ಬರುವ ಹಣವಲ್ಲ. ಹರಾಜು ಮನೆಗಳು ಪ್ರಕಟಿಸುವ ಬೆಲೆಯಲ್ಲಿ ಕೊಳ್ಳುವವರ ಮೇಲಿನ ಶುಲ್ಕ ಸೇರಿರುತ್ತದೆ, ಸುತ್ತಿಗೆ ಬಿದ್ದ ಬೆಲೆಯ ಸುಮಾರು ಐದನೇ ಒಂದು ಪಾಲು. 420 ಎಂದು ಕಂಡರೆ ಸುತ್ತಿಗೆ ಬಿದ್ದದ್ದು 350ಕ್ಕೆ. ಅದರಿಂದ ಮಾರುವವರ ಕಮಿಷನ್ ಬೇರೆ ಹೋಗುತ್ತದೆ. ಹೀಗಾಗಿ ಒಂದೇ ನಾಣ್ಯಕ್ಕೆ ಎರಡು ಅಂಕಿ ಬರೆದಿಡುವುದು ಸರಿ: ಕಳೆದರೆ ಇಂಥದ್ದನ್ನೇ ಮತ್ತೆ ಕೊಳ್ಳಲು ಬೇಕಾಗುವ ಹಣ ವಿಮೆಗೆ, ಕೈಗೆ ಬರುವ ಹಣ ಹಂಚಿಕೆಗೆ.

ಮುದ್ರೆಗೆ, ಅಂದರೆ ಈ ದರ್ಜೆ ಸಂಸ್ಥೆಗಳಿಗೆ, ಕಳಿಸಬೇಕೇ? ಶುಲ್ಕ, ವಿಮೆ, ಅಂಚೆ ಕೂಡಿಸಿ ನಿರ್ಧರಿಸಬೇಕು. ಇದೇ ಸ್ಥಿತಿಯ ಮೂರನೇ ರೂಪದ 1862ರ ನಾಣ್ಯವಾಗಿದ್ದರೆ ಬೇಡ, ಖರ್ಚು ಗಿಟ್ಟುವುದಿಲ್ಲ. ಎರಡನೇ ರೂಪಕ್ಕೆ ಕಳಿಸುವುದೇ ಮೇಲು. ಡೀಟೇಲ್ಸ್ ಎಂಬ ಕಳಂಕದ ಮುದ್ರೆಯಾದರೂ ಅಸಲಿ ಎಂಬ ಖಾತರಿ ಅದರೊಂದಿಗೇ ಬರುತ್ತದೆ, ನಕಲುಗಳು ತುಂಬಿದ ಈ ವಿಭಾಗದಲ್ಲಿ ಕೊಳ್ಳುವವರು ಹಣ ಕೊಡುವುದು ಅದಕ್ಕೇ.

ಅಮೆರಿಕದಲ್ಲಿ ಮಾರಿದರೆ ತೆರಿಗೆಯ ಮಾತೂ ಇದೆ. ಒಂದು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡ ಸಂಗ್ರಹವಸ್ತುವಿನ ಲಾಭಕ್ಕೆ ಫೆಡರಲ್ ತೆರಿಗೆ ಶೇಕಡಾ 28ರವರೆಗೆ ಬೀಳಬಹುದು. ಇಲ್ಲಿ ನಾಣ್ಯ ಕೊಂಡ ಗಂಟಿನಲ್ಲಿ ಬಂದದ್ದರಿಂದ ಆ ರಸೀದಿಯೇ ಮೂಲಬೆಲೆಯ ಆಧಾರ. ಗಂಟಿಗೆ ಕೊಟ್ಟ ಒಟ್ಟು ಹಣವನ್ನು ಒಡವೆಗಳ ನಡುವೆ ಹೇಗೆ ಹಂಚಿದಿರಿ ಎಂಬುದನ್ನೂ ಈಗಲೇ ಬರೆದಿಡಬೇಕು. ಪಿತ್ರಾರ್ಜಿತವಾಗಿ ಬಂದಿದ್ದರೆ ಹಿರಿಯರು ತೀರಿಕೊಂಡ ದಿನದ ಮಾರುಕಟ್ಟೆ ಬೆಲೆ ಮೂಲಬೆಲೆಯಾಗುತ್ತಿತ್ತು.

ಕುಟುಂಬ ಈ ನಾಣ್ಯವನ್ನು ಊರಿಗೆ ಒಯ್ದು ಬೆಂಗಳೂರಿನ ಲಾಕರಿನಲ್ಲಿಡುವ ಯೋಚನೆ ಮಾಡಿದರೆ ಒಂದು ತಡೆ ಇದೆ. ಭಾರತದ 1972ರ ಪುರಾವಸ್ತು ಮತ್ತು ಕಲಾ ಸಂಪತ್ತು ಕಾಯ್ದೆಯ ವ್ಯಾಖ್ಯೆಯಲ್ಲಿ ನೂರು ವರ್ಷ ದಾಟಿದ ನಾಣ್ಯವೂ ಸೇರುತ್ತದೆ. ಪುರಾವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಒಳಗೆ ಬಂದ ಮೇಲೆ ಮತ್ತೆ ಅಮೆರಿಕದ ಹರಾಜಿಗೆ ಒಯ್ಯುವುದು ತೊಡಕು, ಕೊಳ್ಳುವವರ ಗುಂಪು ಇರುವುದೋ ಅಲ್ಲೇ. ಆದ್ದರಿಂದ ಸಲಹೆ ಹೀಗೆ ನಿಂತಿತು: ಅಸಿಟೋನ್ ಬಿಟ್ಟು ಬೇರೇನೂ ತಾಗಿಸದೆ, ಬೆಸುಗೆ ಇದ್ದಂತೆಯೇ, ಪಿವಿಸಿ ಇಲ್ಲದ ಕೋಶದಲ್ಲಿಟ್ಟು ಅಲ್ಲಿಂದಲೇ ಮುದ್ರೆಗೆ ಕಳಿಸುವುದು. ಮಾರುವುದಾದರೆ ಅಂಚಿನ 6 ಮತ್ತು 12 ಗಂಟೆಯ ಜಾಗದ ಹತ್ತಿರದ ಚಿತ್ರಗಳನ್ನೂ ಪಟ್ಟಿಯಲ್ಲಿ ಹಾಕುವುದು, ಏಕೆಂದರೆ ಕೊಂಡವರು ಪೆಟ್ಟಿಗೆ ಬಿಚ್ಚಿದ ಕೂಡಲೇ ನೋಡುವುದು ಅಲ್ಲಿಯೇ.